ಸಿಗ್ನಲ್‌ನಲ್ಲಿ ಕಾರು ಆಫ್ ಆಗ್ತಿದೆಯಾ? ಇಂಜಿನ್‌ಗೆ ದುಡ್ಡು ಸುರಿಯುವ ಮೊದಲು ಬ್ರೇಕ್ ನೋಡಿಸಿ

ಹಳೆ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಎರಡು ತಿಂಗಳಲ್ಲಿ ನನ್ನ 19,000 ರೂಪಾಯಿ ಸುಮ್ನೆ ಹೋಯಿತು. ಅದು ಹೋಗಲಿ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿಯುವಾಗ ನನ್ನ ಕಾಲಡಿ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಅದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಮ್ಮದು 2011ರ ಪೆಟ್ರೋಲ್ ಕಾರು. ಮೈಸೂರಿನಲ್ಲಿ ದಿನದ ಓಡಾಟ, ವರ್ಷಕ್ಕೆ ಮೂರು ನಾಲ್ಕು ಸಲ ಸುಳ್ಯದ ತವರಿಗೆ. ತೊಂದರೆ ಸಣ್ಣದಾಗಿ ಶುರುವಾಯಿತು. ಸಿಗ್ನಲ್ ಹತ್ತಿರ ಬಂದು ನಿಲ್ಲಿಸಿದರೆ ಇಂಜಿನ್ ನಡುಗುತ್ತಿತ್ತು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ, 800ರ ಹತ್ತಿರ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು 500ಕ್ಕೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಕೆಲವು ಸಲ ಆಫ್ ಆಗಿಯೇ ಬಿಡುತ್ತಿತ್ತು. ಕೀ ತಿರುಗಿಸಿದರೆ ಕೂಡಲೇ ಸ್ಟಾರ್ಟ್. ರಿಂಗ್ ರೋಡಿನಲ್ಲಿ 60, 70ರಲ್ಲಿ ಹೋದರೆ ಏನೂ ತೊಂದರೆಯಿಲ್ಲ, ಪಿಕಪ್ ಕೂಡ ಚೆನ್ನಾಗಿತ್ತು.

ಗ್ಯಾರೇಜಿನವರು ಮೊದಲು ಹೇಳಿದ್ದು, "ಮೇಡಂ, ನೀವು ಕ್ಲಚ್ ಬೇಗ ಬಿಡ್ತಿದ್ದೀರ." ನಾನು ಹತ್ತೊಂಬತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಒತ್ತಾಯ ಮಾಡಿದ ಮೇಲೆ ಸ್ಕ್ಯಾನರ್ ಹಾಕಿದರು. ಪಿ0300 ಅಂತ ಕೋಡ್ ಬಂತು. ಅಂದರೆ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅದೂ ಇಂಥದ್ದೇ ಸಿಲಿಂಡರ್ ಅಂತ ಇಲ್ಲ. ಸರಿ, ನಾಲ್ಕು ಪ್ಲಗ್ ಬದಲಾಯಿಸಿದರು. ಹತ್ತು ದಿನ ಬಿಟ್ಟು ಇಗ್ನಿಷನ್ ಕಾಯಿಲ್. ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್. ಒಂದೊಂದು ಕೆಲಸ ಆದ ಮೇಲೂ ಎರಡು ದಿನ ಸರಿಹೋದ ಹಾಗೆ ಅನಿಸುತ್ತಿತ್ತು. ಮೂರನೇ ದಿನ ಮತ್ತದೇ ನಡುಕ.

ಕೊನೆಗೆ, "ಮೇಡಂ, ಇದು ಎಥನಾಲ್ ಪೆಟ್ರೋಲ್ ಸಮಸ್ಯೆ" ಅಂದರು. ಟ್ಯಾಂಕ್ ತೊಳೆದು ಫ್ಯುಯೆಲ್ ಪಂಪ್ ಬದಲಾಯಿಸಿದರು. 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೆ ಕಾರುಗಳ ರಬ್ಬರ್ ಪೈಪು, ಸೀಲುಗಳ ಬಗ್ಗೆ ಎಲ್ಲರಿಗೂ ಚಿಂತೆ ಇದೆ, ನನಗೂ ಇದೆ. ಆದರೆ ಪೆಟ್ರೋಲ್ ಸರಿಯಾಗಿ ಬರದಿದ್ದರೆ ರಿಂಗ್ ರೋಡಿನಲ್ಲೂ, ಏರಿನಲ್ಲೂ ಎಳೆತ ಕಮ್ಮಿಯಾಗಬೇಕಿತ್ತು ಅಲ್ವಾ? ನಿಲ್ಲಿಸುವಾಗ ಮಾತ್ರ ಯಾಕೆ? ಆಗ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಅವರೂ ಕೇಳಲಿಲ್ಲ.

ಇನ್ನೂ ಎರಡು ಸುಳಿವು ನನ್ನ ಕಣ್ಣೆದುರೇ ಇದ್ದವು. ಬ್ರೇಕ್ ಒತ್ತಿದಾಗ ಪೆಡಲ್ ಹತ್ತಿರದಿಂದ ಸಣ್ಣಗೆ ಸುಸ್ ಅಂತ ಗಾಳಿ ಎಳೆಯುವ ಸದ್ದು ಬರುತ್ತಿತ್ತು. ಹೇಳಿದರೆ, ಎಸಿ ಸದ್ದು ಅಂದುಬಿಟ್ಟರು. ಜೊತೆಗೆ ಬ್ರೇಕ್ ಆಯಿಲ್ ಎರಡು ಸಲ ಕಮ್ಮಿಯಾಗಿತ್ತು. ಪ್ಯಾಡ್ ಸವೆದ ಹಾಗೆ ಅದು ನಿಧಾನಕ್ಕೆ ಇಳಿಯುವುದು ಸಹಜ. ಆದರೆ ಎರಡು ತಿಂಗಳಲ್ಲಿ ಎರಡು ಸಲ ಇಳಿದರೆ ಸಹಜ ಅಲ್ಲ. ಅವರು ತುಂಬಿಸಿ ಕಳಿಸಿದರು, ಅಷ್ಟೇ.

ಘಾಟಿಯ ವಿಷಯಕ್ಕೆ ಬರುತ್ತೇನೆ. ಮಡಿಕೇರಿ ದಾಟಿ ಇಳಿಯುತ್ತಿದ್ದೆವು. ಎದುರಿಗೆ ಒಂದು ಬಸ್ಸು ಬಂತು. ತಿರುವಿನಲ್ಲಿ ಕ್ಲಚ್ ಒತ್ತಿ, ಬ್ರೇಕ್ ಒತ್ತಿದೆ. ಇಂಜಿನ್ ಆಫ್. ಸ್ಟೀರಿಂಗ್ ಒಮ್ಮೆಲೇ ಭಾರವಾಯಿತು. ಗಾಬರಿಯಲ್ಲಿ ಬ್ರೇಕ್ ಬಿಟ್ಟು ಮತ್ತೆ ಒತ್ತಿದೆ. ಪೆಡಲ್ ಕೆಳಗೆ ಹೋಗಲೇ ಇಲ್ಲ. "ಮಗಾ, ಏನಾಯ್ತು?" ಅಂತ ಅಮ್ಮ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಹ್ಯಾಂಡ್ ಬ್ರೇಕ್ ಎಳೆಯುತ್ತಾ ಗುಡ್ಡದ ಬದಿಯ ಚರಂಡಿಗೆ ಗಾಡಿ ಇಳಿಸಿದೆ. ಬಂಪರ್ ಮುರಿಯಿತು, ನಮಗೆ ಏನೂ ಆಗಲಿಲ್ಲ. ಇನ್ನೊಂದು ಬದಿಗೆ ಪ್ರಪಾತವಿತ್ತು.

ಸುಳ್ಯದಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು ಇದು: "ಅಕ್ಕಾ, ಆಫ್ ಆಗುವಾಗ ನಿಮ್ಮ ಕಾಲು ಎಲ್ಲಿರ್ತದೆ?"

ಬ್ರೇಕ್ ಮೇಲೆ ಅಂದೆ. "ಹಾಗಾದ್ರೆ ಇದು ಇಂಜಿನಿಂದಲ್ಲ. ಬೂಸ್ಟರ್ ಹೋಗಿರ್ಬೇಕು" ಅಂದರು.

ಅವರು ವಿವರಿಸಿದ್ದು ಹೀಗೆ. ಬ್ರೇಕ್ ಪೆಡಲ್ ಮುಂದೆ, ಬಾನೆಟ್ ಒಳಗೆ, ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ಡಬ್ಬಿ ಇರುತ್ತದೆ. ಅದೇ ಬೂಸ್ಟರ್. ಇಂಜಿನ್ ಗಾಳಿ ಎಳೆದುಕೊಳ್ಳುವ ಜೋರನ್ನೇ ಒಂದು ಪೈಪಿನಿಂದ ತಂದು ನಮ್ಮ ಕಾಲಿನ ಬಲಕ್ಕೆ ಸೇರಿಸುವುದು ಅದರ ಕೆಲಸ. ಒಳಗೊಂದು ರಬ್ಬರ್ ಪರದೆ ಇದೆ. ಅದು ಹರಿದರೆ ಬ್ರೇಕ್ ಒತ್ತಿದಾಗಲೆಲ್ಲ ಹೊರಗಿನ ಗಾಳಿ ಆ ಪೈಪಿನಲ್ಲೇ ಇಂಜಿನ್ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಲೆಕ್ಕ ತಪ್ಪುತ್ತದೆ, ಇಂಜಿನ್ ನಡುಗಿ ಆಫ್ ಆಗುತ್ತದೆ. ಅದಕ್ಕೇ ಮಿಸ್ಸಿಂಗ್ ಕೋಡ್ ಬಂದಿದ್ದು. ಮಿಸ್ಸಿಂಗ್ ಇದೆ ಅಂತ ಕೋಡ್ ಹೇಳಿತು, ಯಾಕೆ ಅಂತ ಹೇಳಲಿಲ್ಲ. ಆ ಯಾಕೆಯನ್ನು ಹುಡುಕದೆ ಪಾರ್ಟ್ಸ್ ಬದಲಾಯಿಸುತ್ತಾ ಹೋದರು.

ಬೂಸ್ಟರ್ ಬಿಚ್ಚಿದಾಗ ಒಳಗೆ ಬ್ರೇಕ್ ಆಯಿಲ್ ನಿಂತಿತ್ತು. ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಬೂಸ್ಟರಿನ ಮುಂದೆಯೇ ಇರುತ್ತದೆ. ಅದರ ಹಿಂದಿನ ಸೀಲ್ ಹೋಗಿ, ಆಯಿಲ್ ಬೂಸ್ಟರಿಗೆ ಇಳಿದು ರಬ್ಬರನ್ನು ಹಾಳುಮಾಡಿತ್ತು. ಕಮ್ಮಿಯಾದ ಆಯಿಲ್ ಎಲ್ಲಿಗೆ ಹೋಯಿತು ಅಂತ ಆಗ ಗೊತ್ತಾಯಿತು. ಬೂಸ್ಟರ್, ಮಾಸ್ಟರ್ ಸಿಲಿಂಡರ್ ಎರಡೂ ಹೊಸದು ಹಾಕಿ, ಬ್ರೇಕ್ ಲೈನಿನ ಗಾಳಿ ತೆಗೆದು, ಕೂಲಿ ಸೇರಿ 8,200 ರೂಪಾಯಿ. ಈಗ ಮುಳ್ಳು 800 ಬಿಟ್ಟು ಅಲ್ಲಾಡುವುದಿಲ್ಲ.

ನಿಲ್ಲಿಸುವಾಗ ಆಫ್ ಆಗುವ ಕಾರುಗಳಿಗೆಲ್ಲ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಗಾಡಿ ನಿಂತಿರುವಾಗ ಇಂಜಿನ್‌ಗೆ ಗಾಳಿ ಬಿಡುವ ಐಡ್ಲಿಂಗ್ ವಾಲ್ವ್ ಕಟ್ಟಿಕೊಂಡಿರಬಹುದು, ಬೇರೆ ಗಾಳಿ ಪೈಪು ಬಿರುಕು ಬಿಟ್ಟಿರಬಹುದು. ಬಿಸಿಯಾದ ಮೇಲೆ ಆಫ್ ಆಗಿ, ತಣ್ಣಗಾಗುವ ತನಕ ಸ್ಟಾರ್ಟ್ ಆಗದಿದ್ದರೆ ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಬೇಕು. ಆದರೆ ಬ್ರೇಕಿನ ಪರೀಕ್ಷೆಗೆ ಖರ್ಚಿಲ್ಲ. ಎರಡೇ ನಿಮಿಷ. ಮೊದಲು ಅದನ್ನು ಮಾಡಿ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಂಜಿನ್ ಆಫ್ ಇರುವಾಗಲೇ ಪೆಡಲನ್ನು ಐದಾರು ಸಲ ಒತ್ತಿ. ಗಟ್ಟಿಯಾಗುತ್ತದೆ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಪೈಪಿನಲ್ಲಿ ತೊಂದರೆ ಇದೆ. ಆಮೇಲೆ ಇಂಜಿನ್ ಓಡುತ್ತಿರುವಾಗ ಬ್ರೇಕ್ ಒತ್ತಿ ಹಿಡಿದು, ಅರ್ಧ ನಿಮಿಷ ಮುಳ್ಳನ್ನು ನೋಡಿ, ಕಿವಿಗೊಡಿ. ಮುಳ್ಳು ಬಿದ್ದು ನಡುಕ ಶುರುವಾದರೆ, ಸುಸ್ ಅಂತ ಸದ್ದು ಬಂದರೆ, ಅನುಮಾನ ಜಾಸ್ತಿಯಾಗಲಿ.

ಓಡುವಾಗಲೇ ಆಫ್ ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಬ್ರೇಕ್ ಬಿಟ್ಟು ಬಿಟ್ಟು ಒತ್ತಬೇಡಿ. ಬೂಸ್ಟರಿನಲ್ಲಿ ಉಳಿದಿರುವ ಬಲ ಎರಡು ಮೂರು ಸಲಕ್ಕೆ ಖಾಲಿಯಾಗುತ್ತದೆ. ಒಂದೇ ಸಲ ಬಲವಾಗಿ ಒತ್ತಿ, ಹಾಗೇ ಹಿಡಿದುಕೊಳ್ಳಿ. ಪೆಡಲ್ ಗಟ್ಟಿಯಾದರೂ ಬ್ರೇಕ್ ಪೂರ್ತಿ ಸತ್ತಿರುವುದಿಲ್ಲ, ಮೈಭಾರ ಹಾಕಿ ಒತ್ತಿದರೆ ಹಿಡಿಯುತ್ತದೆ. ಇದು ನನಗೆ ಆವತ್ತು ಗೊತ್ತಿರಲಿಲ್ಲ. ಗಾಡಿ ನಿಲ್ಲುವ ತನಕ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

ಪರೀಕ್ಷೆಯಲ್ಲಿ ಅನುಮಾನ ಬಂದರೆ ಗ್ಯಾರೇಜಿಗೆ ನೀವೇ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ, ಆಗದಿದ್ದರೆ ಟೋಯಿಂಗ್ ಗಾಡಿ ಕರೆಸಿ.