23 ಹಳೇ ಜರ್ಮನ್ ಪತ್ರ, 11 ಫೋಟೊ: ಊರು ತೋರಿಸಿದ ದಾರಿ ಯಾವುದು?

ನನ್ನ ಗಂಡನ ಮನೆಯವರು ಅಮೆರಿಕದ ವಿಸ್ಕಾನ್ಸಿನ್‌ನವರು. ಮಿಲ್ವಾಕಿಯಿಂದ ಒಂದು ಗಂಟೆ ದಾರಿ. ಅವರ ಹಿರಿಯರು ಜರ್ಮನಿಯಿಂದ ಬಂದವರು ಅಂತ ಮದುವೆಯಾದಾಗಿನಿಂದ ಕೇಳಿದ್ದೆ. ಯಾವ ಊರಿಂದ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ವರ್ಷದ ಹಿಂದೆ ಅತ್ತೆ ಅಟ್ಟದಿಂದ ಒಂದು ಶೂ ಡಬ್ಬಿ ಇಳಿಸಿ ನನ್ನ ಮುಂದೆ ಇಟ್ಟರು. ಒಳಗೆ 23 ಪತ್ರ, 11 ಫೋಟೊ. "ನಮ್ಮ ಅಜ್ಜಿಗೆ ಓದೋಕೆ ಬರ್ತಿತ್ತು. ಅವರು ಹೋದ ಮೇಲೆ ಯಾರಿಗೂ ಬರಲ್ಲ" ಅಂದರು.

ಆ ಮಾತು ನನಗೆ ನಾಟಿತು. ಧಾರವಾಡದ ನಮ್ಮ ಮನೆಯಲ್ಲೂ ಮುತ್ತಜ್ಜ ಕುಲಕರ್ಣಿಕೆ ಮಾಡುತ್ತಿದ್ದ ಕಾಲದ ಒಂದು ಗಂಟು ಕಾಗದ ಇದೆ. ಎಲ್ಲವೂ ಮೋಡಿ ಲಿಪಿ. ಮನೆಯಲ್ಲಿ ಒಬ್ಬರಿಗೂ ಓದೋಕೆ ಬರಲ್ಲ. ಅದಕ್ಕೆ ಈ ಡಬ್ಬಿಯನ್ನು ಸುಮ್ನೆ ಬಿಡಬಾರದು ಅಂತ ಹಟ ಹಿಡಿದೆ.

ಪತ್ರಗಳು 1882ರಿಂದ 1909ರವರೆಗಿನವು. ಲಿಪಿಯ ಹೆಸರು ಕುರೆಂಟ್. ಜರ್ಮನ್ ಮಾತಾಡುವ ನಾಡುಗಳಲ್ಲಿ ನೂರಾರು ವರ್ಷ ಕೈಬರಹ ಅಂದರೆ ಇದೇ ಆಗಿತ್ತು. 1941ರಲ್ಲಿ ನಾತ್ಸಿ ಸರ್ಕಾರ ಇದನ್ನು ಶಾಲೆಗಳಲ್ಲಿ ನಿಲ್ಲಿಸಿತು. ಹಾಗಾಗಿ ಇವತ್ತಿನ ಜರ್ಮನ್ನರಿಗೂ ಇದನ್ನು ಓದೋಕೆ ಕಷ್ಟ. ಮಂಗಳೂರು, ಧಾರವಾಡಗಳಿಂದ ಬಾಸೆಲ್ ಮಿಷನ್‌ನ ಪಾದ್ರಿಗಳು 19ನೇ ಶತಮಾನದಲ್ಲಿ ತಮ್ಮ ಊರಿಗೆ ಬರೆಯುತ್ತಿದ್ದದ್ದೂ ಇದೇ ಲಿಪಿಯಲ್ಲಿ. ನಮ್ಮ ಕಡೆಯ ಚರಿತ್ರೆಯ ಎಷ್ಟೋ ಸಂಗತಿ ಇದರೊಳಗೂ ಕೂತಿದೆ.

ಓದಲು ನಾನು ಮೂರು ದಾರಿ ಹಿಡಿದೆ. ಹೋಲಿಸೋಕೆ ಸುಲಭವಾಗಲಿ ಅಂತ ಒಂದೇ ಪತ್ರವನ್ನು ಮೂರಕ್ಕೂ ಒಡ್ಡಿದೆ. ಅದು 1888ರ ವಸಂತದಲ್ಲಿ ಬರೆದದ್ದು, ನಾಲ್ಕು ಪುಟ.

ಮೊದಲು ಟ್ರಾನ್ಸ್‌ಕ್ರಿಬಸ್. ಹಳೇ ಕೈಬರಹ ಓದಲು ಕಲಿಸಿದ ಕಂಪ್ಯೂಟರ್ ವ್ಯವಸ್ಥೆ ಇದು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹುಟ್ಟಿ ಬೆಳೆದದ್ದು, ಈಗ ಒಂದು ಸಹಕಾರ ಸಂಘ ನಡೆಸುತ್ತಿದೆ. ಪುಟ ಸ್ಕ್ಯಾನ್ ಮಾಡಿ ಹಾಕಿದೆ, ಜರ್ಮನ್ ಕೈಬರಹದ ಮಾದರಿ ಆರಿಸಿದೆ. ಚಹಾ ಸೋಸುವಷ್ಟರಲ್ಲಿ ನಾಲ್ಕೂ ಪುಟದ ಅಕ್ಷರ ಪಕ್ಕದಲ್ಲಿ ಬಂದು ಕೂತಿತ್ತು. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು. 130 ವರ್ಷ ಹಿಂದೆ ಊರಲ್ಲೇ ಉಳಿದ ಒಬ್ಬ ಅಣ್ಣ ಅಮೆರಿಕಕ್ಕೆ ಬಂದ ತಮ್ಮನ ಹತ್ತಿರ ಮಾತಾಡುತ್ತಿದ್ದ. ರೈ ಬೆಳೆ ಹೇಗಿದೆ, ಗ್ರೈಫೆನ್‌ಬೆರ್ಗ್ ಸಂತೆಯಲ್ಲಿ ಹಸು ಎಷ್ಟಕ್ಕೆ ಹೋಯಿತು, ಅಮ್ಮನಿಗೆ ಕಣ್ಣು ಕಾಣಿಸುತ್ತಿಲ್ಲ.

ಸಾಮಾನ್ಯ ಮಾತುಗಳಲ್ಲಿ ತಪ್ಪು ತುಂಬಾ ಕಡಿಮೆ. ಆದರೆ ನಮಗೆ ಬೇಕಾದದ್ದು ಹೆಸರುಗಳು, ಅಲ್ವಾ? ಅಲ್ಲೇ ಅದು ಎಡವಿತು. ಯಂತ್ರಕ್ಕೆ ಗೊತ್ತಿಲ್ಲದ ಹೆಸರು ಬಂದರೆ ಗೊತ್ತಿರುವ ಪದವೊಂದನ್ನು ಅಲ್ಲಿ ಕೂರಿಸಿಬಿಡುತ್ತೆ. ಒಂದು ಸಾಲಿನಲ್ಲಿ 'ರೇಗೆನ್ ಹೊಲದವರೆಗೂ ಬಂತು' ಅಂತ ಕೊಟ್ಟಿತ್ತು. ರೇಗೆನ್ ಅಂದರೆ ಮಳೆ. ಅರ್ಥ ಆಗುತ್ತೆ, ಹಾಗಾಗಿ ಅನುಮಾನವೂ ಬರಲ್ಲ. ನಾನೂ ಆರು ತಿಂಗಳು ಅದನ್ನು ನಂಬಿದ್ದೆ.

ಎರಡನೇ ದಾರಿ, ದುಡ್ಡು ಕೊಟ್ಟು ಓದಿಸುವುದು. ಹಳೇ ಲಿಪಿ ಬಲ್ಲವರೊಬ್ಬರಿಗೆ ಮೂರು ಪತ್ರ ಕಳಿಸಿದೆ. 120 ಡಾಲರ್ ಆಯಿತು, ಐದು ವಾರ ಹಿಡಿಯಿತು. ಇಂಗ್ಲಿಷ್ ಅನುವಾದ ಚೆನ್ನಾಗಿತ್ತು, ಅತ್ತೆಗೆ ಓದಿ ಹೇಳಿದಾಗ ಖುಷಿಪಟ್ಟರು. ಆದರೆ ಅವರು ಅನುವಾದ ಮಾತ್ರ ಕೊಟ್ಟಿದ್ದರು, ಮೂಲದ ಅಕ್ಷರಗಳನ್ನು ಇದ್ದ ಹಾಗೆ ಇಳಿಸಿರಲಿಲ್ಲ. ಕಾಗದದ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳಿಗೆ 'ಬಂಧುಗಳಿಗೆ ನಮಸ್ಕಾರ' ಅಂತ ಎರಡು ಪದ ಹಾಕಿ ಮುಗಿಸಿದ್ದರು. ತಪ್ಪು ನನ್ನದೂ ಇದೆ. ಕೆಲಸ ಕೊಡುವಾಗಲೇ ಹೇಳಬೇಕಿತ್ತು: ಒಂದೂ ಅಕ್ಷರ ಬಿಡಬೇಡಿ, ಕಾಗುಣಿತ ತಿದ್ದಬೇಡಿ, ಅಂಚು ಬಿಡಬೇಡಿ. ನೀವು ಯಾರಿಗಾದರೂ ಕೊಡುವುದಾದರೆ ಈ ಮೂರು ಮಾತು ಬರೆದೇ ಕೊಡಿ.

ಮೂರನೇ ದಾರಿ ನಾನೇ ಕಲಿಯುವುದು. ನನಗೆ ಕಾಲೇಜಿನಲ್ಲಿ ಕಲಿತ ಒಂದಿಷ್ಟು ಜರ್ಮನ್ ಇತ್ತು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿರುವ ಮೊರೇವಿಯನ್ ಚರ್ಚಿನ ಪತ್ರಾಗಾರದಲ್ಲಿ ಬೇಸಿಗೆಗೆ ಈ ಲಿಪಿಯ ತರಗತಿ ನಡೆಸುತ್ತಾರೆ. ನನಗೆ ರಜೆ ಹೊಂದಲಿಲ್ಲ. ಅಕ್ಷರಮಾಲೆಯ ಹಾಳೆ ಗೋಡೆಗೆ ಅಂಟಿಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಕಲಿತೆ.

ಮೊದಲ ಪುಟಕ್ಕೆ ಎರಡು ಸಂಜೆ ಬೇಕಾಯಿತು. ಇಂಗ್ಲಿಷಿನ 'ಇ' ಅಕ್ಷರ ಇಲ್ಲಿ ಎರಡು ಓರೆ ಗೀಟು, ಥೇಟ್ 'ಎನ್' ಥರ ಕಾಣುತ್ತೆ. 'ಯು' ಕೂಡ ಎರಡು ಗೀಟೇ. ಅದಕ್ಕೆ ಅದರ ಮೇಲೆ ಒಂದು ಸಣ್ಣ ಕೊಂಕು ಹಾಕುತ್ತಾರೆ, ನಮ್ಮ ತಲೆಕಟ್ಟಿನ ಹಾಗೆ. 'ಎಂ' ಮೇಲೆ ಒಂದು ಅಡ್ಡಗೆರೆ ಇದ್ದರೆ ಅದು ಎರಡು 'ಎಂ'. ನಮ್ಮಲ್ಲಿ ಒತ್ತಕ್ಷರ ಕೆಳಗೆ ಬರುತ್ತೆ, ಅವರ ಒತ್ತು ಮೇಲೆ. ಹೀಗೆ ನೆನಪಿಟ್ಟುಕೊಂಡ ಮೇಲೆ ಕೈಗೆ ಹತ್ತಿತು. ನೋಡಿ ಕಲಿಯುವುದಕ್ಕಿಂತ ಬರೆದು ಕಲಿಯುವುದು ಬೇಗ. ದಿನಾ ಒಂದು ಪುಟ ತಿದ್ದುತ್ತಿದ್ದೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ.

ಬಹಳ ನೆರವಾದದ್ದು ಪತ್ರದ ಮೊದಲ ಸಾಲು. 'ದೇವರ ದಯದಿಂದ ನಾವೆಲ್ಲ ಆರೋಗ್ಯವಾಗಿದ್ದೇವೆ, ನೀವೂ ಹಾಗೇ ಇದ್ದೀರಿ ಅಂತ ನಂಬಿದ್ದೇವೆ.' 23 ಪತ್ರದಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೇ ಮಾತು. ನಮ್ಮ ತಾತಂದಿರ 'ಉಭಯಕುಶಲೋಪರಿ' ಇದ್ದ ಹಾಗೆ! ಆ ಒಂದು ಸಾಲು ಗೊತ್ತಾದರೆ ಅಣ್ಣನ ಕೈಯ ಅರ್ಧ ಅಕ್ಷರಮಾಲೆ ಸಿಕ್ಕಿದ ಹಾಗೆ. ತಾರೀಖಿನಲ್ಲೂ ಒಂದು ಗುಂಡಿ ಇದೆ, ಎಚ್ಚರ. '8ಬರ್' ಅಂತ ಇದ್ದರೆ ಆಗಸ್ಟ್ ಅಲ್ಲ, ಅಕ್ಟೋಬರ್. ಲ್ಯಾಟಿನ್‌ನಲ್ಲಿ 'ಅಕ್ಟೋ' ಅಂದರೆ ಎಂಟು. ಅದೇ ಲೆಕ್ಕದಲ್ಲಿ 7ಬರ್ ಸೆಪ್ಟೆಂಬರ್, 9ಬರ್ ನವೆಂಬರ್. ಇದು ತಿಳಿಯದೆ ಎರಡು ಪತ್ರವನ್ನು ತಪ್ಪು ತಿಂಗಳಿಗೆ ಜೋಡಿಸಿಟ್ಟಿದ್ದೆ.

ನಾಲ್ಕು ತಿಂಗಳಾದ ಮೇಲೆ 1888ರ ಪತ್ರಕ್ಕೆ ವಾಪಸ್ ಬಂದೆ. ಆ 'ರೇಗೆನ್' ಪದದ ಕೊನೇ ಅಕ್ಷರ ದುಂಡಗೆ ಮುಚ್ಚಿಕೊಂಡಿತ್ತು. 'ಎನ್' ಆಗಿದ್ದರೆ ಬರೀ ಗೀಟು ಇರಬೇಕು. ಅದರ ಹಿಂದಿನ ಪದ 'ಡೀ'. ಜರ್ಮನ್‌ನಲ್ಲಿ ನಾಮಪದದ ಹಿಂದೆ ಅದರ ಲಿಂಗಕ್ಕೆ ತಕ್ಕ ಪದ ಬರುತ್ತೆ, ಮಳೆಗೆ 'ಡೆರ್' ಬರಬೇಕು. ಹಾಗಾದರೆ ಅದು ಮಳೆ ಅಲ್ಲವೇ ಅಲ್ಲ. ರೇಗಾ. ಬಾಲ್ಟಿಕ್ ಸಮುದ್ರ ಸೇರುವ ಒಂದು ನದಿಯ ಹೆಸರು. ಆ ವಸಂತದಲ್ಲಿ ಹೊಲದವರೆಗೂ ಬಂದದ್ದು ರೇಗಾ ನದಿ.

ಈ ನದಿ ಯಾಕೆ ಅಷ್ಟು ಮುಖ್ಯ ಅಂದರೆ, ಅಣ್ಣ ಸಂತೆಯ ಸುದ್ದಿ ಬರೆದ ಗ್ರೈಫೆನ್‌ಬೆರ್ಗ್ ಅನ್ನೋ ಹೆಸರಿನ ಊರು ಒಂದಲ್ಲ. ಬವೇರಿಯಾದಲ್ಲಿ ಒಂದು, ಬರ್ಲಿನ್‌ನ ಉತ್ತರಕ್ಕೆ ಒಂದು, ಸೈಲೀಸಿಯಾದಲ್ಲಿ ಒಂದು, ಬಾಲ್ಟಿಕ್ ತೀರದ ಪೊಮೆರೇನಿಯಾ ಪ್ರಾಂತದಲ್ಲಿ ಒಂದು. ಕೆಲವದರಲ್ಲಿ ಎರಡು 'ಎಫ್', ಕೆಲವದರಲ್ಲಿ ಒಂದು. ಅಣ್ಣ ಕಾಗುಣಿತಕ್ಕೆ ತಲೆ ಕೆಡಿಸಿಕೊಂಡವನೇ ಅಲ್ಲ. ಒಮ್ಮೆ ಒಂದು, ಒಮ್ಮೆ ಎರಡು ಬರೆದಿದ್ದಾನೆ. ತನ್ನ ಹಳ್ಳಿಯ ಹೆಸರನ್ನಂತೂ ಪತ್ರದ ತಲೆಯಲ್ಲಿ ಒಂದೇ ಅಕ್ಷರದಲ್ಲಿ ಮುಗಿಸುತ್ತಾನೆ. ತಮ್ಮನಿಗೆ ಊರು ಗೊತ್ತಿಲ್ಲವೇ?

ಇನ್ನು ಫೋಟೊಗಳು. ಹನ್ನೊಂದರಲ್ಲಿ ಏಳು ಅಮೆರಿಕದಲ್ಲಿ ತೆಗೆಸಿದ್ದವು, ನಾಲ್ಕು ಆಚೆಯಿಂದ ಬಂದಿದ್ದವು. ಮೊದಲು ಎಲ್ಲರ ಹಾಗೆ ಮುಂಭಾಗ ನೋಡಿ ನೋಡಿ ಕಾಲ ಕಳೆದೆ. ಬಟ್ಟೆ, ತೋಳಿನ ಅಗಲ, ಜಡೆ. ಬಟ್ಟೆಯಿಂದ ವರ್ಷ ಹೇಳುವ ಜಾಣರಿದ್ದಾರೆ, ಆದರೆ ಹಳ್ಳಿಯವರು ಮದುವೆಯ ಕೋಟನ್ನು ಇಪ್ಪತ್ತು ವರ್ಷ ಹಾಕಿಕೊಳ್ಳುತ್ತಿದ್ದರು. ಮುಖ ಸ್ಪಷ್ಟ ಮಾಡುವ ಒಂದು ಆಪ್‌ಗೂ ಹಾಕಿ ನೋಡಿದೆ. ಚಂದ ಕಾಣಿಸಿತು. ಆದರೆ ಕಣ್ಣುಗಳು ಬೇರೆಯವರವು ಆಗಿದ್ದವು. ಇಲ್ಲದ ರೆಪ್ಪೆ ಬಂದಿತ್ತು. ಅತ್ತೆ ನೋಡಿ, "ಇದು ನಮ್ಮವರಲ್ಲ" ಅಂದರು. ಅಳಿಸಿ ಹಾಕಿದೆ.

ಉತ್ತರ ಇದ್ದದ್ದು ಹಿಂಭಾಗದಲ್ಲಿ. ಒಂದು ದಪ್ಪ ರಟ್ಟಿನ ಫೋಟೊ, ಅಂಗೈಗಿಂತ ಚಿಕ್ಕದು. ಕಪ್ಪು ಉಡುಪಿನ ಮುದುಕಿಯೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ, ಮಡಿಲಲ್ಲಿ ಪುಸ್ತಕ. ತಿರುಗಿಸಿದರೆ ಕಂದು ಬಣ್ಣದಲ್ಲಿ ಸ್ಟುಡಿಯೊ ಹೆಸರು, ಕೆಳಗೆ 'ಗ್ರೈಫೆನ್‌ಬೆರ್ಗ್ ಇ. ಪೊಮ್.' ಅಂದರೆ ಪೊಮೆರೇನಿಯಾದಲ್ಲಿರುವ ಗ್ರೈಫೆನ್‌ಬೆರ್ಗ್. ನಾಲ್ಕು ಊರಿನ ಜಗಳ ಆ ನಾಲ್ಕಾರು ಅಕ್ಷರದಲ್ಲಿ ಮುಗಿಯಿತು. ಅದರ ಕೆಳಗೆ ಇನ್ನೂ ಸಣ್ಣಗೆ, 'ಮತ್ತೆ ಪ್ರತಿ ಬೇಕಾದವರಿಗಾಗಿ ಪ್ಲೇಟು ಕಾದಿಡಲಾಗಿದೆ' ಅಂತ. ಪ್ಲೇಟು ಅಂದರೆ ಆಗಿನ ನೆಗೆಟಿವ್. ಪೊಮೆರೇನಿಯಾದ ಆ ಊರು ರೇಗಾ ನದಿಯ ದಂಡೆಯ ಮೇಲಿದೆ. ಪತ್ರ, ಫೋಟೊ ಎರಡೂ ಒಂದೇ ಕಡೆ ಬೆರಳು ತೋರಿಸಿದವು.

ಹಾಗಾದರೆ ಎಲ್ಲರೂ ಮೊದಲು ಹುಡುಕುವ ಹಡಗಿನ ಪಟ್ಟಿ? ಇದರಲ್ಲಿ ನಿಮ್ಮವರು ಯಾವ ಬಂದರಿನಿಂದ ಹೊರಟರು ಅನ್ನುವುದೇ ದೊಡ್ಡದು. ಹ್ಯಾಂಬರ್ಗ್‌ನಿಂದ ಹೊರಟಿದ್ದರೆ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ. ಅದರಲ್ಲಿ ಹಿಂದೆ ವಾಸವಿದ್ದ ಊರಿನ ಹೆಸರೂ ಇರುತ್ತೆ. ನಮ್ಮವರು 1882ರಲ್ಲಿ ಬ್ರೆಮೆನ್‌ನಿಂದ ಬಂದವರು. ಆ ಒಂದೇ ವರ್ಷ ಸುಮಾರು 2.5 ಲಕ್ಷ ಜರ್ಮನ್ನರು ಅಮೆರಿಕಕ್ಕೆ ಬಂದರು. ಬ್ರೆಮೆನ್‌ನಲ್ಲಿ ಜಾಗ ಸಾಲದೆ ಹಳೇ ಪಟ್ಟಿಗಳನ್ನು ಮೂರು ವರ್ಷ ಆದೊಡನೆ ನಾಶ ಮಾಡುತ್ತಿದ್ದರು. ಇಳಿದ ಕಡೆ ನ್ಯೂಯಾರ್ಕ್‌ನಲ್ಲಿ ಬರೆದುಕೊಂಡ ಪಟ್ಟಿಯಲ್ಲಿ ಹೆಸರು, ವಯಸ್ಸು, 'ಪ್ರಷ್ಯಾ'. ಅಷ್ಟೇ. ಪ್ರಷ್ಯಾ ಅಂದರೆ ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯ, ಕರ್ನಾಟಕದವರು ಅಂತ ಬರೆದ ಹಾಗಾಯಿತು. ಹಡಗಿನ ಹೆಸರು ಸಿಕ್ಕಿತು, ಸಂತೋಷ. ಊರು ಸಿಗಲಿಲ್ಲ.

ಡಿಎನ್ಎ ಪರೀಕ್ಷೆಯನ್ನು ಗಂಡ ಮಾಡಿಸಿದರು. ನಕ್ಷೆಯ ಮೇಲೆ ದೊಡ್ಡದೊಂದು ಬಣ್ಣದ ತೇಪೆ, ಜೊತೆಗೆ ದೂರದ ನೆಂಟರ ಉದ್ದ ಪಟ್ಟಿ. ಹಳ್ಳಿ ಸಿಕ್ಕಿದ ಮೇಲೆ ಖಚಿತ ಮಾಡಿಕೊಳ್ಳೋಕೆ ಬಂತೇ ಹೊರತು ಹುಡುಕೋಕೆ ಬರಲಿಲ್ಲ.

ಹಳ್ಳಿ ಸಿಕ್ಕಿದ್ದು 1888ರ ಪತ್ರದ ಅಂಚಿನಲ್ಲೇ. ದುಡ್ಡು ಕೊಟ್ಟು ಓದಿಸಿದವರು 'ನಮಸ್ಕಾರ' ಅಂತ ಮುಗಿಸಿದ್ದರಲ್ಲ, ಅಲ್ಲಿ. ಕಾಗದ ಅಡ್ಡ ತಿರುಗಿಸಿ ದೀಪದ ಕೆಳಗೆ ಹಿಡಿದೆ. ತಮ್ಮನ ಮಗನಿಗೆ ಅವನ ದೇವರತಾಯಿ, ಅಂದರೆ ದೀಕ್ಷಾಸ್ನಾನದಲ್ಲಿ ತಾಯಿಯ ಸ್ಥಾನದಲ್ಲಿ ನಿಂತವರು, ಆಶೀರ್ವಾದ ಕಳಿಸಿದ್ದಾರೆ. ಅವರು ಮನೆ ಬಿಟ್ಟು ಇಂಥ ಊರಿನಿಂದ ಪಟ್ಟಣಕ್ಕೆ ಹೋದರು ಅಂತ ಊರಿನ ಹೆಸರು ಪೂರ್ತಿ ಬರೆದಿದೆ. ತಲೆಯಲ್ಲಿ ಬರೆಯುವ ಒಂಟಿ ಅಕ್ಷರಕ್ಕೂ ಅದಕ್ಕೂ ತಾಳೆ ಆಯಿತು. ರಾತ್ರಿ ಹನ್ನೊಂದಾಗಿತ್ತು, ಆದರೂ ಅತ್ತೆಗೆ ಫೋನ್ ಮಾಡಿದೆ.

ಅಲ್ಲಿಂದ ಮುಂದಕ್ಕೆ ಬಾಗಿಲುಗಳು ತೆರೆದವು. ಮೈಯರ್ಸ್ ಗೆಜೆಟಿಯರ್ 1912-13ರಲ್ಲಿ ಅಚ್ಚಾದ ಊರುಗಳ ಕೋಶ, ಜಾಲದಲ್ಲಿ ಪುಕ್ಕಟೆ ನೋಡಬಹುದು. ಯಾವ ಹಳ್ಳಿಯ ಜನನ ಮರಣ ಯಾವ ಕಚೇರಿಯಲ್ಲಿ ಬರೆಸುತ್ತಿದ್ದರು ಅಂತ ಅದರಲ್ಲಿದೆ. ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಿಂದ ಸರ್ಕಾರಿ ನೋಂದಣಿ ಶುರುವಾಯಿತು. ಆ ತಮ್ಮನ ಮಗ, ಅಂದರೆ ಅತ್ತೆಯ ಅಜ್ಜ, ಹುಟ್ಟಿದ್ದು 1876ರಲ್ಲಿ. ಹಾಗಾಗಿ ಅವರ ದಾಖಲೆ ಇರಲೇಬೇಕು ಅಂತ ಲೆಕ್ಕ ಹಾಕಿದೆ. ಗ್ರೈಫೆನ್‌ಬೆರ್ಗ್ ಈಗ ಪೋಲೆಂಡ್‌ನ ಗ್ರಿಫಿತ್ಸೆ. ಆದ್ದರಿಂದ ಹುಡುಕಬೇಕಾದದ್ದು ಪೋಲೆಂಡ್‌ನ ಸರ್ಕಾರಿ ಪತ್ರಾಗಾರಗಳ ಜಾಲತಾಣದಲ್ಲಿ. ಅದೂ ಉಚಿತ. ನಿಮ್ಮವರು ವ್ಯುರ್ಟೆಂಬೆರ್ಗ್ ಕಡೆಯ ಪ್ರೊಟೆಸ್ಟಂಟರಾದರೆ ದುಡ್ಡು ಕೊಟ್ಟು ಆರ್ಕಿಯೋನ್ ನೋಡಿ, ಆಸ್ಟ್ರಿಯಾದ ಕ್ಯಾಥೊಲಿಕರಾದರೆ ಉಚಿತವಾದ ಮಾಟ್ರಿಕುಲಾ. ಎರಡೂ ಚರ್ಚಿನ ದಾಖಲೆಗಳ ಜಾಲತಾಣಗಳು. ಊರು ತಿಳಿಯದೆ ಇವುಗಳಲ್ಲಿ ಇಳಿದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಇವತ್ತು ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಹತ್ತು ಪತ್ರದೊಳಗೆ ಇದ್ದರೆ ನೀವೇ ಕಲಿಯಿರಿ, ಬೇರೇನೂ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಯಂತ್ರಕ್ಕೆ ಕೊಡಿ, ಆಮೇಲೆ ಮೂಲವನ್ನು ಪಕ್ಕದಲ್ಲಿಟ್ಟು ಹೆಸರುಗಳನ್ನು ಮಾತ್ರ ನಿಮ್ಮ ಕಣ್ಣಿಂದ ಓದಿ. ಬಲ್ಲವರಿಗೆ ದುಡ್ಡು ಕೊಡುವುದು ಸಿಕ್ಕಿಬಿದ್ದ ಒಂದೆರಡು ಸಾಲಿಗೆ ಇರಲಿ. ಫೋಟೊ ಸ್ಕ್ಯಾನ್ ಮಾಡುವಾಗ ಹಿಂಭಾಗವನ್ನೂ ಮಾಡಿ. ಅಂಟಿಸಿದ ಆಲ್ಬಮ್ ಆದರೆ ಬಲವಂತವಾಗಿ ಕೀಳಬೇಡಿ, ಬಲ್ಲವರಿಗೆ ತೋರಿಸಿ.

ಆ ಜನನ ದಾಖಲೆ ಸಿಕ್ಕಿತು. ಅಚ್ಚಾದ ನಮೂನೆ, ನಡುವೆ ಗುಮಾಸ್ತನ ಕುರೆಂಟ್ ಬರಹ. ಕೆಳಗೆ 'ಓದಿ ಹೇಳಲಾಯಿತು, ಒಪ್ಪಿ ಸಹಿ ಮಾಡಿದರು' ಅಂತ ಅಚ್ಚು, ಅದರ ಕೆಳಗೆ ಮಗುವಿನ ತಂದೆಯ ಸಹಿ. ಡಬ್ಬಿಯ ಪತ್ರಗಳೆಲ್ಲ ಅಣ್ಣ ಬರೆದವು. ತಮ್ಮ ಅಮೆರಿಕದಿಂದ ಬರೆದವು ಪೊಮೆರೇನಿಯಾಕ್ಕೆ ಹೋದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ನರನ್ನೆಲ್ಲ ಹೊರಹಾಕಿದರು. ಆ ಮನೆಯ ಕಾಗದಗಳು ಉಳಿದಿಲ್ಲ. ಹಾಗಾಗಿ ಅಮೆರಿಕಕ್ಕೆ ಬಂದ ಆ ಮನುಷ್ಯನ ಕೈಬರಹವನ್ನು ಈ ಮನೆಯಲ್ಲಿ ಈಗಿರುವ ಯಾರೂ ನೋಡಿರಲಿಲ್ಲ. ಪರದೆಯ ಮೇಲೆ ಆ ಸಹಿ ದೊಡ್ಡದು ಮಾಡಿ ತೋರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಒಂದು ಕಾಗದ, ಪೆನ್ಸಿಲ್ ಕೇಳಿದರು, ಅದನ್ನು ಹಾಗೇ ಬರೆದು ನೋಡೋಕೆ.