ಹತ್ತು ಸಾವಿರ ಥಾಯ್ ಬಾತ್ ಕೈಗೆ ಬರಲು ಎಷ್ಟು ರೂಪಾಯಿ ಬೇಕು?

2024ರ ನವೆಂಬರ್ ಕೊನೆಯಲ್ಲಿ ನಾನು, ಹೆಂಡತಿ, ಅವಳ ತಮ್ಮ, ಅವನ ಹೆಂಡತಿ ನಾಲ್ವರೂ ಹತ್ತು ದಿನ ಬ್ಯಾಂಕಾಕ್ ಮತ್ತು ಚಿಯಾಂಗ್ ಮಾಯ್ ಸುತ್ತಿ ಬಂದೆವು. ಭಾರತೀಯರಿಗೆ ವೀಸಾ ಬೇಡವೆಂದು ಹಿಂದಿನ ವರ್ಷ ಥಾಯ್ಲೆಂಡ್ ಹೇಳಿದ ಮೇಲೆ ನಮ್ಮ ಬೀದಿಯಲ್ಲಿ ಬ್ಯಾಂಕಾಕ್ ನೋಡದೆ ಉಳಿದವರು ನಾವೇ ಇರಬೇಕು. ಹೋಗುವ ಮೊದಲು ಕೇಳಿದವರೆಲ್ಲ ಒಂದೊಂದು ಸಲಹೆ ಕೊಟ್ಟಿದ್ದರು. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಫೊರೆಕ್ಸ್ ಕಾರ್ಡೇ ಒಳ್ಳೆಯದು ಎಂದರು ಕೆಲವರು. ಡಾಲರ್ ನೋಟು ಒಯ್ಯಿರಿ ಎಂದರು ಕೆಲವರು. ಯಾರ ಮಾತು ನಂಬುವುದೆಂದು ತಿಳಿಯದೆ ಎಲ್ಲವನ್ನೂ ಒಯ್ದೆವು, ಎಲ್ಲವನ್ನೂ ಬಳಸಿ ನೋಡಿದೆವು.

ಹೋಟೆಲಿಗೆ, ಮಾಲ್‌ಗೆ ಕಾರ್ಡ್ ಸಾಕು. ನಗದು ಬೇಕಾಗುವುದು ಬೀದಿಗೆ. ಬ್ಯಾಂಕಾಕಿನ ವಾಟ್ ಫೋ ದೇಗುಲದ ಟಿಕೆಟ್ ಆಗ ತಲೆಗೆ 300 ಬಾತ್ ಇತ್ತು. ಚಿಯಾಂಗ್ ಮಾಯ್‌ನ ಕೆಂಪು ಸೊಂಗ್‌ಥ್ಯೂ, ಅಂದರೆ ನಮ್ಮ ಹಳ್ಳಿ ಕಡೆಯ ಟೆಂಪೋದಂಥ ಗಾಡಿ, ಆಗ ತಲೆಗೆ 30 ಬಾತ್. ತಳ್ಳುಗಾಡಿಯ ಮಾವಿನ ಹಣ್ಣಿನ ಅನ್ನಕ್ಕೂ ನಗದೇ. ತಳ್ಳುಗಾಡಿಗಳಲ್ಲೂ ಕ್ಯೂಆರ್ ಹಾಳೆ ತೂಗುಹಾಕಿರುತ್ತಾರೆ, ಆದರೆ ಅದು ಅವರ ಬ್ಯಾಂಕುಗಳದ್ದು. ನಮ್ಮ ಯುಪಿಐ ಎಲ್ಲೂ ನಡೆಯಲಿಲ್ಲ.

ಆ ವಾರ ಒಂದು ಡಾಲರಿಗೆ ಸುಮಾರು 84.50 ರೂಪಾಯಿ, 34.50 ಬಾತ್ ಇತ್ತು. ಅಂದರೆ ಬಾತ್‌ಗೆ ₹2.45. ದರ ದಿನವೂ ಪೈಸೆಗಳಲ್ಲಿ ಅಲ್ಲಾಡುತ್ತದೆ, ಆದರೂ ಹೋಲಿಸಲು ಅನುಕೂಲವಾಗಲೆಂದು ಎಲ್ಲವನ್ನೂ ಈ ಒಂದೇ ದರಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ. ಯಾರೂ ಏನೂ ಕಡಿತ ಮಾಡದಿದ್ದರೆ ಹತ್ತು ಸಾವಿರ ಬಾತ್‌ಗೆ ₹24,500 ಆಗಬೇಕು. ಅದಕ್ಕಿಂತ ಹೆಚ್ಚು ಹೋದದ್ದೆಲ್ಲ ಖೋತಾ.

ಮೊದಲ ಪಾಠ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ ಆಯಿತು. ರಾತ್ರಿಯ ವಿಮಾನ, ನಿದ್ದೆಗಣ್ಣು. ಎಟಿಎಂ ಯಂತ್ರಕ್ಕೆ ಸಂಬಳದ ಖಾತೆಯ ಸಾಮಾನ್ಯ ಡೆಬಿಟ್ ಕಾರ್ಡ್ ಹಾಕಿ, ಪಿನ್ ಒತ್ತಿ, 10,000 ಎಂದು ಬರೆದೆ. ಹೊರದೇಶದ ಕಾರ್ಡಿಗೆ 220 ಬಾತ್ ಶುಲ್ಕ ಎಂಬ ಸೂಚನೆ ಬಂತು, ಒಪ್ಪಿದೆ. ಅಷ್ಟರಲ್ಲಿ ಇನ್ನೊಂದು ಪರದೆ: ರೂಪಾಯಿ ಲೆಕ್ಕದಲ್ಲಿ ಇಷ್ಟಾಗುತ್ತದೆ, ಒಪ್ಪಿಗೆಯೇ? ಬೇಡವೇ? ‘ಬೇಡ’ ಎಂದರೆ ವ್ಯವಹಾರವೇ ರದ್ದಾಗಿ ಬಿಡುತ್ತದೇನೋ ಎನ್ನುವ ಹಾಗಿತ್ತು ಅದರ ಧಾಟಿ. ಹಿಂದೆ ಸಾಲು ಬೆಳೆಯುತ್ತಿತ್ತು. ಒಪ್ಪಿಗೆ ಒತ್ತಿದೆ. ಚೀಟಿ ನೋಡಿದಾಗ ಬಾತ್‌ಗೆ ₹2.65ರ ಹಾಗೆ ಕತ್ತರಿಸಿದ್ದರು. ನಮ್ಮ ಬ್ಯಾಂಕಿನ ಶುಲ್ಕವೂ ಸೇರಿ ಹೋದದ್ದು ₹27,230. ಖೋತಾ ₹2,730, ಹೋಟೆಲ್ ತಲುಪುವ ಮೊದಲೇ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು. ನಮ್ಮ ಹಣದಲ್ಲಿ ಲೆಕ್ಕ ತೋರಿಸುವ ಉಪಕಾರ ಮಾಡಿ, ದರವನ್ನು ಯಂತ್ರದ ಕಡೆಯವರೇ ತಮಗೆ ಬೇಕಾದಂತೆ ನಿಗದಿ ಮಾಡುವ ಉಪಾಯ. ‘ಬೇಡ’ ಎಂದರೂ ದುಡ್ಡು ಬರುತ್ತದೆ. ಆಗ ಬಾತ್ ಲೆಕ್ಕವೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಎಂಬ ಕಾರ್ಡ್ ಜಾಲಗಳ ಮೂಲಕ ಅವರ ದರದಲ್ಲಿ ನಮ್ಮ ಬ್ಯಾಂಕಿಗೆ ಬರುತ್ತದೆ.

ಎರಡು ದಿನ ಬಿಟ್ಟು ಅದೇ ಕಾರ್ಡ್ ಹಾಕಿ, ಈ ಸಲ ಎದೆ ಗಟ್ಟಿ ಮಾಡಿಕೊಂಡು ‘ಬೇಡ’ ಒತ್ತಿದೆ. ಯಂತ್ರದ 220 ಸೇರಿ 10,220 ಬಾತ್‌ಗೆ ₹25,039. ಅದರ ಮೇಲೆ ಮಾರ್ಕಪ್, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ನಮ್ಮ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಶೇ 3.5ರಂತೆ ₹876, ಆ ಮಾರ್ಕಪ್ಪಿಗೆ ಜಿಎಸ್‌ಟಿ ₹158, ವಿದೇಶದಲ್ಲಿ ನಗದು ತೆಗೆದದ್ದಕ್ಕೆ ₹125, ಅದಕ್ಕೂ ಜಿಎಸ್‌ಟಿ. ಒಟ್ಟು ₹26,220. ಒಂದು ಗುಂಡಿ ಬದಲಿಸಿದ್ದಕ್ಕೆ ಸಾವಿರ ರೂಪಾಯಿ ಉಳಿಯಿತು, ನಿಜ. ಆದರೂ ₹1,720 ಖೋತಾ.

ನನಗೆ ಹೆಚ್ಚು ಭರವಸೆ ಇದ್ದದ್ದು ಫೊರೆಕ್ಸ್ ಕಾರ್ಡಿನ ಮೇಲೆ. ನನ್ನನ್ನು ಹೆಚ್ಚು ಮೋಸಗೊಳಿಸಿದ್ದೂ ಅದೇ, ಆದರೆ ತಪ್ಪು ಕಾರ್ಡಿನದಲ್ಲ. ಹೊರಡುವ ಮುನ್ನ ನಾನು ಅದಕ್ಕೆ ತುಂಬಿಸಿದ್ದು ಡಾಲರ್. ತೆರಿಗೆ ಸೇರಿ ಡಾಲರಿಗೆ ₹86.15 ಕೊಟ್ಟಿದ್ದೆ, ಅಲ್ಲೇ ರೂಪಾಯಿ ಮೇಲೆ ರೂಪಾಯಿ ಹೋಯಿತು. ಡಾಲರ್ ಇರುವ ಕಾರ್ಡಿನಿಂದ ಬಾತ್ ತೆಗೆದರೆ ಕರೆನ್ಸಿ ಬದಲಾವಣೆಗೆಂದು ಮತ್ತೆ ಶೇ 3.5, ಪ್ರತಿ ಸಲ ತೆಗೆದದ್ದಕ್ಕೆ 2 ಡಾಲರ್, ಯಂತ್ರದ 220 ಬಾತ್ ಹೇಗೂ ಇದೆ. ಎಲ್ಲ ಕೂಡಿ ₹26,586. ಸಾಮಾನ್ಯ ಡೆಬಿಟ್ ಕಾರ್ಡಿಗಿಂತಲೂ ದುಬಾರಿ! ನೇರವಾಗಿ ಬಾತ್ ತುಂಬಿಸಿಕೊಡುವ ಕಾರ್ಡ್ ತೆಗೆದುಕೊಂಡಿದ್ದರೆ ಆ ಶೇ 3.5 ಬೀಳುತ್ತಿರಲಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಡಾಲರ್ ಕಾರ್ಡ್ ಸರಿ. ಥಾಯ್ಲೆಂಡಿಗೆ ಅದನ್ನು ಒಯ್ಯುವುದು ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗೆ.

ಮೂರನೆಯದು, ಮಾರ್ಕಪ್ ಇಲ್ಲವೆಂದು ಹೇಳಿಕೊಳ್ಳುವ ಡೆಬಿಟ್ ಕಾರ್ಡ್. ಹೇಳಿದ ಹಾಗೆಯೇ ನಡೆದುಕೊಂಡಿತು. 10,220 ಬಾತ್‌ಗೆ ₹25,039, ಅದರ ಮೇಲೆ ಒಂದು ಪೈಸೆಯೂ ಇಲ್ಲ. ₹539 ಖೋತಾ, ಅದೂ ಪೂರ್ತಿ ಯಂತ್ರದ ಪಾಲು. ಕುತೂಹಲದ ಸಂಗತಿ ಡಾಲರ್ ನೋಟಿನದು. ಜಯನಗರದಲ್ಲಿ ಕಾರ್ಡ್ ತುಂಬಿಸಿದ ಅಂಗಡಿಯಲ್ಲೇ ಅದೇ ₹86.15ಕ್ಕೆ 500 ಡಾಲರ್ ನೋಟು ಕೊಂಡಿದ್ದೆ. ಬ್ಯಾಂಕಾಕ್ ಪೇಟೆಯ ವಿನಿಮಯ ಅಂಗಡಿ 100 ಡಾಲರ್ ನೋಟಿಗೆ 34.40 ಬಾತ್ ದರ ಕೊಟ್ಟಿತು. ಹತ್ತು ಸಾವಿರ ಬಾತ್‌ಗೆ ₹25,044. ಆ ಕಾರ್ಡಿಗೂ ಈ ನೋಟಿಗೂ ಐದು ರೂಪಾಯಿ ಅಂತರ! ಆದರೆ ಮೂರು ಷರತ್ತು. ಪಾಸ್‌ಪೋರ್ಟ್ ಕೈಯಲ್ಲಿರಬೇಕು. 20, 10 ಡಾಲರಿನ ಚಿಕ್ಕ ನೋಟಿಗೆ ದರ ಕಡಿಮೆ. ವಿಮಾನ ನಿಲ್ದಾಣದ ಆಗಮನ ಮಹಡಿಯಲ್ಲಿ ಬದಲಿಸಬಾರದು. ಅಲ್ಲೇ ನೆಲಮಾಳಿಗೆಗೆ ಇಳಿದು ರೈಲು ಹತ್ತುವ ಕಡೆ ಹೋದರೆ ಪೇಟೆಗೆ ಹತ್ತಿರದ ದರ ಸಿಗುತ್ತದೆ.

ಹಾಗಾದರೆ ಎರಡೂ ಒಂದೇ ಎನ್ನುವ ಹಾಗಿಲ್ಲ, ಏಕೆಂದರೆ 220 ಬಾತ್ ಮೊತ್ತ ನೋಡಿ ಬದಲಾಗುವುದಿಲ್ಲ. 20,000 ತೆಗೆದರೂ ಕಾರ್ಡಿನ ಖೋತಾ ಅದೇ ₹539. ನೋಟಿನ ಖೋತಾ ಮಾತ್ರ ಮೊತ್ತದ ಜೊತೆಗೇ ಬೆಳೆದು ₹1,088 ಆಗುತ್ತದೆ. ಇನ್ನು ತುಸು ತುಸುವೇ ತೆಗೆಯುವವರ ಕಥೆ ಬೇರೆ. ಚಿಯಾಂಗ್ ಮಾಯ್‌ನಲ್ಲಿ ನಾನು ಮೂರು ದಿನ ಮೂರು ಸಲ ಐದೈದು ಸಾವಿರ ತೆಗೆದೆ, 660 ಬಾತ್ ಶುಲ್ಕ ತೆತ್ತೆ. “ಇಷ್ಟರಲ್ಲಿ ಇಬ್ಬರು ವಾಟ್ ಫೋ ನೋಡಿ ಬರಬಹುದಿತ್ತು” ಎಂದಳು ಲೆಕ್ಕದ ಪುಸ್ತಕ ಹಿಡಿದ ಹೆಂಡತಿ.

ದೊಡ್ಡ ಮೊತ್ತ ಒಮ್ಮೆಗೇ ತೆಗೆಯೋಣವೆಂದರೆ ಮಿತಿಗಳು ಅಡ್ಡ ಬರುತ್ತವೆ. ನಾನು ಬಳಸಿದ ಯಂತ್ರಗಳಲ್ಲಿ ಹೆಚ್ಚಿನವು ಒಂದು ಸಲಕ್ಕೆ 20,000 ಬಾತ್ ಕೊಟ್ಟವು, ಒಂದು 30,000 ಕೊಡುತ್ತೇನೆಂದಿತು. ಆದರೆ ನನ್ನ ಕಾರ್ಡಿನ ದಿನದ ಮಿತಿ ₹50,000. 30,000 ಕೇಳಿದೆ, ಯಂತ್ರ ಕಾರಣ ಹೇಳದೆ ಕಾರ್ಡ್ ಹೊರಗೆ ತಳ್ಳಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಪಕ್ಕದ್ದಕ್ಕೆ ಹೋದೆ, ಅಲ್ಲೂ ಅದೇ. ಆಮೇಲೆ ಹೊಳೆಯಿತು. 20,220 ಬಾತ್ ಅಂದರೆ ₹49,539, ಮಿತಿಯೊಳಗೆ ಕೂದಲೆಳೆಯಲ್ಲಿ ಹಿಡಿಸುತ್ತದೆ. ಮಿತಿ ಏರಿಸುವುದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಊರಿನಲ್ಲೇ ಏರಿಸಿಕೊಳ್ಳಬೇಕು; ಅಲ್ಲಿ ಹೋದ ಮೇಲೆ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ.

ಭಾವಮೈದನದು ಇನ್ನೊಂದು ಪಾಡು. “ಭಾವ, ನನ್ನ ಕಾರ್ಡ್ ಸತ್ತಿದೆ” ಎಂದು ಓಡಿ ಬಂದ. ಸತ್ತಿರಲಿಲ್ಲ, ವಿದೇಶಿ ಬಳಕೆಯನ್ನು ಅವನು ಚಾಲೂ ಮಾಡಿಯೇ ಇರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ಉಳಿದದ್ದನ್ನು ನಾವೇ ತೆರೆದುಕೊಳ್ಳಬೇಕು. ಅವನಿಗೆ ಉಳಿದದ್ದು ಕ್ರೆಡಿಟ್ ಕಾರ್ಡ್. ಅದರಲ್ಲಿ ನಗದು ತೆಗೆಯಲು ನಾನು ಬಿಡಲಿಲ್ಲ. ನಗದು ಮುಂಗಡದ ಶುಲ್ಕ, ಮಾರ್ಕಪ್, ಮೊದಲ ದಿನದಿಂದಲೇ ಬಡ್ಡಿ. ಹೋಲಿಕೆಗಾಗಿಯೂ ಅದನ್ನು ಪರೀಕ್ಷಿಸುವ ಧೈರ್ಯ ನನಗಿಲ್ಲ.

ಇನ್ನು ಮುಂದೆ ಹೋಗುವಾಗ ಮಾರ್ಕಪ್ ಇಲ್ಲದ ಕಾರ್ಡೊಂದು, ಅದು ಕೈಕೊಟ್ಟರೆ ಇರಲೆಂದು ನೂರು ಡಾಲರಿನ ಮೂರು ನೋಟು. ಫೊರೆಕ್ಸ್ ಕಾರ್ಡಿನಲ್ಲಿ ಇನ್ನೂ 41 ಡಾಲರ್ ಕೂತಿದೆ. ವಾಪಸು ಕೊಟ್ಟರೆ ಕೊಳ್ಳುವ ದರದಲ್ಲಿ ಮತ್ತೆ ಕಡಿತ ಎಂದರು, ಹಾಗಾಗಿ ಅದನ್ನು ಬೀರುವಿನಲ್ಲಿ ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ.