ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನವೂ ಸೆಲೆಕಾಕ್ಸಿಬ್: ಬಾಯಿ ಕ್ಯಾನ್ಸರಿನ ಮಾತ್ರೆ ಕೀಮೋ ಹೇಗಿದೆ?

ಆಪರೇಷನ್, ರೇಡಿಯೇಷನ್ ಎರಡೂ ಆಗದ, ಅಥವಾ ಎರಡೂ ಆದ ಮೇಲೆ ಮರುಕಳಿಸಿದ ಬಾಯಿ, ಗಂಟಲಿನ ಕ್ಯಾನ್ಸರಿಗೆ ಕೊಡುವ ಮಾತ್ರೆಗಳಿವು. ರೋಗ ವಾಸಿಯಾಗುವುದಿಲ್ಲ. ಗೆಡ್ಡೆ ಬೆಳೆಯುವುದು ನಿಧಾನವಾಗಬಹುದು, ನೋವು ತಗ್ಗಬಹುದು. ಇದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು.

ಕಡಿಮೆ ಬೆಲೆಯ ಮಾತ್ರೆ ಎಂದು ಇದನ್ನು ಕೀಳಾಗಿ ಕಾಣುವಂತಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 422 ರೋಗಿಗಳಲ್ಲಿ ಇದನ್ನು ಡ್ರಿಪ್‌ನಲ್ಲಿ ಕೊಡುವ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಜೊತೆ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾತ್ರೆ ತೆಗೆದುಕೊಂಡವರ ಮಧ್ಯಕ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 7.5 ತಿಂಗಳು, ಡ್ರಿಪ್ ಹಾಕಿಸಿಕೊಂಡವರದು 6.1. ತೀವ್ರ ಅಡ್ಡಪರಿಣಾಮ ಕ್ರಮವಾಗಿ 19 ಮತ್ತು 30 ಶೇಕಡಾ. ದೂರದ ಊರಿನಿಂದ ರಾತ್ರಿ ಬಸ್ಸು ಹತ್ತಿ ಬಂದು, ಇಡೀ ದಿನ ಸಲೈನ್ ಏರಿಸಿಕೊಂಡು, ವಾಂತಿ ಮಾಡುತ್ತಾ ಊರಿಗೆ ಮರಳುವವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಹೋಲಿಕೆ ನಡೆದದ್ದು ಒಂಟಿ ಸಿಸ್‌ಪ್ಲಾಟಿನ್ ಜೊತೆ ಮಾತ್ರ. ಎರಡು ಮೂರು ಔಷಧ ಸೇರಿಸಿದ ಕೀಮೋ ಜೊತೆಗಲ್ಲ. ವಾಸಿ ಮಾಡುವ ಉದ್ದೇಶದಿಂದ ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಬದಲಿಗೆ ಇದನ್ನು ಕೇಳಲೇಬಾರದು.

ಪ್ರಮಾಣ: ಮೆಥೋಟ್ರೆಕ್ಸೇಟ್ ಮೈಯ ಮೇಲ್ಮೈಯ ಪ್ರತಿ ಚದರ ಮೀಟರಿಗೆ 15 ಮಿ.ಗ್ರಾಂ, ವಾರಕ್ಕೆ ಒಂದೇ ಸಲ. ಸೆಲೆಕಾಕ್ಸಿಬ್ 200 ಮಿ.ಗ್ರಾಂ, ಊಟದ ನಂತರ ದಿನಕ್ಕೆ ಎರಡು ಸಲ. 160 ಸೆಂ.ಮೀ. ಎತ್ತರ, 52 ಕಿಲೋ ತೂಕದವರ ಮೇಲ್ಮೈ ಅಳತೆ ಸುಮಾರು 1.5 ಚದರ ಮೀಟರ್, ಅಂದರೆ 22.5 ಮಿ.ಗ್ರಾಂ. 2.5ರ ಸಣ್ಣ ಮಾತ್ರೆಯಾದರೆ ಅಂಗೈ ಮೇಲೆ ಒಂಬತ್ತು.

ಇದರ ದೊಡ್ಡ ದೋಷ ಇರುವುದೇ ಇಲ್ಲಿ. ಇದೇ ಮಾತ್ರೆ 5, 7.5, 10 ಮಿ.ಗ್ರಾಂನಲ್ಲೂ ಸಿಗುತ್ತದೆ. ಮೆಡಿಕಲ್ ಸ್ಟೋರಿನವರು 10ರ ಸ್ಟ್ರಿಪ್ ಕೊಟ್ಟು, ಮನೆಯವರು ಹಳೇ ಲೆಕ್ಕದಂತೆ ಒಂಬತ್ತು ನುಂಗಿಸಿದರೆ 90 ಮಿ.ಗ್ರಾಂ! ದಿನವೂ ನುಂಗಿಸಿದರಂತೂ ಜೀವಕ್ಕೇ ಅಪಾಯ. ಚೀಟಿಯಲ್ಲಿ ವಾರದ ಹೆಸರು, ಮಿ.ಗ್ರಾಂ, ಮಾತ್ರೆಗಳ ಸಂಖ್ಯೆ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ತಪ್ಪಾದರೆ ಬಾಯಿ ಹುಣ್ಣಾಗುವವರೆಗೆ ಕಾಯದೆ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಿ. ಲ್ಯೂಕೊವೊರಿನ್ ಎಂಬ ಪ್ರತಿಮದ್ದಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಮೆಥೋಟ್ರೆಕ್ಸೇಟ್ ಹೆಚ್ಚಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ಈ ರೋಗಿಗಳಿಗೆ ನೀರು ನುಂಗುವುದೇ ಕಷ್ಟ. ನೀರು ಕಡಿಮೆಯಾದರೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತದ ಅಂಶ) ಏರುತ್ತದೆ, ಔಷಧ ಮೈಯಲ್ಲೇ ಉಳಿಯುತ್ತದೆ, ಬಾಯಿ ಇನ್ನಷ್ಟು ಹುಣ್ಣಾಗುತ್ತದೆ, ನೀರು ಮತ್ತೂ ಕಡಿಮೆಯಾಗುತ್ತದೆ. ನೋವೆಂದು ನಡುವೆ ಡೈಕ್ಲೋಫೆನಾಕ್ ಸೇರಿಸಿದರೆ ಕೆಲಸ ಕೆಟ್ಟಂತೆ. ಸೆಲೆಕಾಕ್ಸಿಬ್ ಕೂಡ ಅದೇ ಗುಂಪಿನ ನೋವಿನ ಔಷಧ. ಜ್ವರಕ್ಕೆಂದು ಸೆಪ್ಟ್ರಾನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿಯಬಹುದು. ಹತ್ತಿರದ ಕ್ಲಿನಿಕ್‌ಗೆ ಹೋದಾಗಲೂ ಮೆಥೋಟ್ರೆಕ್ಸೇಟ್ ಚೀಟಿ ತೋರಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ, ಸಲ್ಫಾ ಅಲರ್ಜಿ ಇದ್ದರೆ ಸೆಲೆಕಾಕ್ಸಿಬ್ ಶುರುವಾಗುವ ಮೊದಲೇ ಹೇಳಬೇಕು. ಮಲ ಕಪ್ಪಾದರೆ ಸೆಲೆಕಾಕ್ಸಿಬ್ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ.

ಗೆಡ್ಡೆಯ ಹುಣ್ಣು, ಔಷಧದ ಹುಣ್ಣು ಬೇರೆ ಬೇರೆ. ಗೆಡ್ಡೆ ಇಲ್ಲದ ಕಡೆಯ ಕೆನ್ನೆ, ತುಟಿಯ ಒಳಗೆ ಹೊಸದಾಗಿ ಉರಿ ಹುಣ್ಣು ಎದ್ದು, ಜೊತೆಗೆ ಭೇದಿ ಶುರುವಾದರೆ ಔಷಧವನ್ನೇ ಮೊದಲು ಅನುಮಾನಿಸಿ. ಆ ವಾರದ ಮಾತ್ರೆ ತಡೆದು, ವೈದ್ಯರಿಗೆ ತಿಳಿಸಿ, ರಕ್ತದ ಕೌಂಟ್ ಮತ್ತು ಕ್ರಿಯಾಟಿನಿನ್ ನೋಡಿಸಬೇಕು.

2023ರಲ್ಲಿ ಟಾಟಾದವರೇ ಈ ಜೋಡಿಗೆ ಎರ್ಲೋಟಿನಿಬ್ ಎಂಬ ಮಾತ್ರೆ ಸೇರಿಸಿ, ಮೆಥೋಟ್ರೆಕ್ಸೇಟನ್ನು ಚದರ ಮೀಟರಿಗೆ 9 ಮಿ.ಗ್ರಾಂಗೆ ಇಳಿಸಿ, ಅದರ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ನಿವೊಲುಮಾಬ್ (ಇಮ್ಯುನೊಥೆರಪಿ ಔಷಧ, ಡ್ರಿಪ್‌ನಲ್ಲಿ ಕೊಡುವುದು) ಕೊಟ್ಟ ಫಲಿತಾಂಶ ಪ್ರಕಟಿಸಿದರು: ಮಧ್ಯಕ ಬದುಕುಳಿವು ನಿವೊಲುಮಾಬ್ ಇಲ್ಲದೆ ಬರೀ ಮೂರು ಮಾತ್ರೆ ತೆಗೆದುಕೊಂಡವರಲ್ಲಿ 6.7 ತಿಂಗಳು, ಅದನ್ನೂ ಪಡೆದವರಲ್ಲಿ 10.1. ಖರ್ಚು ನಿಭಾಯಿಸಬಲ್ಲವರು ಇದರ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಬಾಯಿ ತೆರೆಯಲಾಗದೆ ಮೂಗಿನ ನಳಿಕೆಯಲ್ಲೇ ಊಟ ಹೋಗುತ್ತಿದ್ದರೆ ಮಾತ್ರೆಯನ್ನು ಅಡುಗೆಮನೆಯ ಕುಟ್ಟಾಣಿಯಲ್ಲಿ ಪುಡಿ ಮಾಡಬೇಡಿ. ಆ ಪುಡಿ ಬೇರೆಯವರ ಉಸಿರಿಗೆ, ಕೈಗೆ ತಾಗಬಾರದು. ಗ್ಲೌಸ್ ಹಾಕಿಕೊಂಡು, ಸಿರಿಂಜಿನೊಳಗೇ ನೀರಲ್ಲಿ ಕದಡಿಸುವ ವಿಧಾನವನ್ನು ಡೇಕೇರ್ ನರ್ಸ್ ಹತ್ತಿರ ಕೇಳಿ ಕಲಿಯಿರಿ, ಕೊಟ್ಟ ಮೇಲೆ ನಳಿಕೆಗೆ ನೀರು ಹಾಯಿಸಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಅವರ ಕೈಗೆ ಕೊಡಬೇಡಿ.